ಹುಳದ ಮನೆಯ ಕೂಸು, ಅಂಗಳದ ಬಿಸಿಲು

ಈ ಪ್ರಸಂಗ ನಡೆದದ್ದು ೧೯೪೧ರಲ್ಲಿ ಎಂದು ನಾನು ಬಹುಕಾಲ ಹೇಳಿಕೊಂಡು ಬಂದಿದ್ದೆ. ಬರೆಯಲು ಕುಳಿತಾಗ ಆ ವರ್ಷ ಹೊಂದಿಕೆಯಾಗಲಿಲ್ಲ. ಶ್ರೀನಿವಾಸಪುರದ ಸಣ್ಣ ರೈಲು ನಿಲ್ದಾಣದ ಗಡಿಯಾರಕ್ಕೂ ಹಳ್ಳಿಯ ಹೊತ್ತಿಗೂ ಒಂದು ಗಂಟೆಯ ಅಂತರವಿತ್ತೆಂಬುದು ನನಗೆ ಸ್ಪಷ್ಟವಾಗಿ ನೆನಪಿದೆ. ಆ ಅಂತರದ ದೆಸೆಯಿಂದಲೇ ನಾನು ಕೈಗಡಿಯಾರವನ್ನು ಚೀಲಕ್ಕೆ ಹಾಕಿ ಒಂದು ಕೋಲಿನ ನೆರಳನ್ನು ನಂಬಬೇಕಾಯಿತು. ಯುದ್ಧಕ್ಕೋಸ್ಕರ ದೇಶದ ಗಡಿಯಾರಗಳನ್ನು ಒಂದು ಗಂಟೆ ಮುಂದಕ್ಕೆ ತಿರುಗಿಸಿದ್ದು ೧೯೪೨ರ ಸೆಪ್ಟೆಂಬರಿನಲ್ಲಿ. ಆದ್ದರಿಂದ ಇದು ೧೯೪೨ರ ದಸರೆಯಿಂದ ೧೯೪೩ರ ಯುಗಾದಿಯವರೆಗಿನ ವೃತ್ತಾಂತ. ಇದಕ್ಕಿಂತ ಖಚಿತವಾದ ದಿನಾಂಕಗಳನ್ನು ಕೊಡಲು ನನ್ನ ಬಳಿ ಆಧಾರವಿಲ್ಲ. ಹಬ್ಬಗಳನ್ನೂ ಮಾವಿನ ಹೂವನ್ನೂ ಹಿಡಿದು ತಿಂಗಳುಗಳನ್ನು ಗುರುತಿಸಿದ್ದೇನೆ.

ಆಗ ನಾನು ಬೆಂಗಳೂರಿನ ಒಂದು ಆಹಾರ ಪ್ರಯೋಗಾಲಯದಲ್ಲಿ ಸಹಾಯಕ ಸಂಶೋಧಕಿ. ಯಲ್ದೂರಿನ ಆಚೆಗಿನ ಒಂದು ಹಳ್ಳಿಯಲ್ಲಿ ಕೂಸುಗಳ ಕಾಲು ಬಿಲ್ಲಿನಂತೆ ಬಾಗುತ್ತಿವೆ, ಎರಡು ವರ್ಷ ತುಂಬುತ್ತ ಬಂದರೂ ಕೆಲವು ನಿಲ್ಲುವುದೇ ಇಲ್ಲ ಎಂದು ಆ ಭಾಗದಲ್ಲಿ ಸುತ್ತುತ್ತಿದ್ದ ಸರ್ಕಾರಿ ಸೂಲಗಿತ್ತಿಯೊಬ್ಬರು ತಿಳಿಸಿದ್ದರು. ಆಕೆ ಮುಳಬಾಗಿಲಿನ ದಖನಿ ಮನೆಯ ಹೆಣ್ಣುಮಗಳು. ಕನ್ನಡ, ತೆಲುಗು, ದಖನಿ ಮೂರನ್ನೂ ಒಂದೇ ಉಸಿರಿನಲ್ಲಿ ಆಡುವವರು. ಹಳ್ಳಿಯವರು ನರ್ಸಮ್ಮ ಎನ್ನುತ್ತಿದ್ದರು. ನಾನೂ ಹಾಗೆಯೇ ಕರೆಯುತ್ತೇನೆ.

ಪ್ರಯೋಗಾಲಯದ ಮುಖ್ಯಸ್ಥರು ಮೊದಲು ನಂಬಲಿಲ್ಲ. ಅವರು ನಂಬದಿರುವುದಕ್ಕೆ ಕಾರಣವಿತ್ತು. ಮೂಳೆ ಗಟ್ಟಿಯಾಗಲು ಸುಣ್ಣದ ಅಂಶ ಬೇಕು. ರಾಗಿ ಉಣ್ಣುವ ಸೀಮೆಯಲ್ಲಿ ಅದಕ್ಕೆ ಬರವಿಲ್ಲ. ತಿಂದ ಸುಣ್ಣ ಮೂಳೆಗೆ ಸೇರಬೇಕಾದರೆ ಡಿ ಜೀವಸತ್ವ ಬೇಕು. ಅದು ಕೆಲವು ಮೀನುಗಳ ಯಕೃತ್ತಿನ ಎಣ್ಣೆಯಲ್ಲಿದೆ, ಇಲ್ಲವಾದರೆ ಬಿಸಿಲು ಬಿದ್ದ ಚರ್ಮದಲ್ಲಿ ತಾನಾಗಿ ಹುಟ್ಟುತ್ತದೆ. ಎರಡೂ ಇಲ್ಲದ ಮಕ್ಕಳಿಗೆ ಬರುವುದು ರಿಕೆಟ್ಸ್. ಅದು ಮೋಡ ಕವಿದ ಶೀತದೇಶಗಳ ರೋಗವೆಂದು ಪುಸ್ತಕಗಳು ಹೇಳುತ್ತಿದ್ದವು. ಕೋಲಾರದ ಬಿಸಿಲಿನಲ್ಲಿ ರಿಕೆಟ್ಸ್ ಎಲ್ಲಿಂದ ಬರಬೇಕು? ಮಾಲೂರಿನ ಇಟ್ಟಿಗೆ ಗೂಡುಗಳ ಬಳಿಯೂ ವೇಮಗಲ್ಲಿನ ಹೊಲಗಳಲ್ಲಿಯೂ ನಾನು ಹಿಂದಿನ ಬೇಸಿಗೆಯಲ್ಲಿ ಮಕ್ಕಳನ್ನು ಪರೀಕ್ಷಿಸಿದ್ದೆ. ಹಾಲು ಕಾಣದ ಮಕ್ಕಳು, ಮೈಮೇಲೆ ಬಟ್ಟೆ ಕಾಣದ ಮಕ್ಕಳು. ಆದರೆ ಕಾಲುಗಳು ಮಾತ್ರ ನೆಟ್ಟಗೆ.

ಬೌರಿಂಗ್‌ಪೇಟೆಯಲ್ಲಿ ಸಣ್ಣ ರೈಲಿಗೆ ಬದಲಾಯಿಸಿ, ಶ್ರೀನಿವಾಸಪುರದಲ್ಲಿ ಇಳಿದು, ಮಾವಿನ ತೋಪುಗಳ ನಡುವೆ ಎತ್ತಿನ ಗಾಡಿಯಲ್ಲಿ ಹಳ್ಳಿಗೆ ಹೋದಾಗ ಕಾರಣ ಮೊದಲ ಮನೆಯ ಬಾಗಿಲಲ್ಲೇ ತಿಳಿಯಿತು. ಅದು ರೇಷ್ಮೆ ಹುಳ ಮೇಯಿಸುವ ಊರು. ಪ್ಯಾರಾಚೂಟಿಗೆ ರೇಷ್ಮೆ ಬೇಕೆಂದು ಯುದ್ಧದ ಬೇಡಿಕೆ ಏರಿದ್ದರಿಂದ, ಮೊದಲು ನಡುವೆ ಬಿಡುವು ಕೊಟ್ಟು ಮಾಡುತ್ತಿದ್ದ ಹುಳದ ಬೆಳೆಯನ್ನು ಈಗ ಒಂದರ ಬೆನ್ನಿಗೆ ಒಂದರಂತೆ ಮಾಡುತ್ತಿದ್ದರು. ಹುಳದ ಮನೆಯೆಂದರೆ ಬೇರೆ ಮನೆಯಲ್ಲ, ವಾಸದ ಮನೆಯೇ. ಕಿಟಕಿಗೆ ಹುಲ್ಲು ತುರುಕಿ, ಬಾಗಿಲಿಗೆ ಒದ್ದೆ ಗೋಣಿ ಇಳಿಬಿಟ್ಟು ಗಾಳಿ ಬೆಳಕನ್ನು ತಡೆದಿದ್ದರು. ಹುಳದ ತಟ್ಟೆಗಳ ಅಟ್ಟಣೆಗೆ ಇರುವೆ ಹತ್ತದಂತೆ ಕಾಲುಗಳಡಿ ನೀರಿನ ಬಟ್ಟಲು ಇಟ್ಟಿದ್ದರು. ಹುಳಗಳಿಗೆ ಹೊತ್ತುಹೊತ್ತಿಗೆ ಸೊಪ್ಪು ಹಾಕುವ ತಾಯಂದಿರು ಆ ಕತ್ತಲಲ್ಲೇ ಇರುತ್ತಿದ್ದರು. ಅವರ ಕೂಸುಗಳ ಜೋಲಿಯೂ ತಟ್ಟೆಗಳ ಪಕ್ಕದಲ್ಲೇ ತೂಗುತ್ತಿತ್ತು.

ನಾವು ಹೋದ ಮನೆಯ ಯಜಮಾನಿ ಒಬ್ಬ ಅಜ್ಜಿ. ಗೋಣಿಯನ್ನು ಒಂದಿಷ್ಟು ಸರಿಸಿ ತಲೆ ಹೊರಗೆ ಹಾಕಿದಳು.

"ಯಾರಮ್ಮ ಅದು? ಅಲ್ಲೇ ನಿಂತ್ಕೋ. ಹುಳ ಮೇವಿನ ಮೇಲವೆ, ಒಳಕ್ಕೆ ಬರಂಗಿಲ್ಲ."

"ಬೆಂಗಳೂರಿಂದ ಬಂದವ್ರೆ ಕಣವ್ವ, ಡಾಕ್ಟರಮ್ಮ," ಎಂದರು ನರ್ಸಮ್ಮ.

ನಾನು ಸತ್ಯ ಹೇಳಲು ಹೋದೆ. "ನಾನು ಡಾಕ್ಟರಲ್ಲ ಅವ್ವ. ಯಾವ ಊಟದಲ್ಲಿ ಏನು ಸತ್ವ ಇದೆ ಅಂತ ನೋಡೋಳು."

"ಸೂಜಿ ಚುಚ್ಚಲ್ವಾ?"

"ಇಲ್ಲ."

"ಗುಳಿಗೆ ಕೊಡಲ್ವಾ?"

"ಅದೂ ಇಲ್ಲ."

"ಊಟದ ವಿಸ್ಯ ಬಲ್ಲೋರೆಲ್ಲ ಡಾಕ್ಟರಾದ್ರೆ ನಮ್ಮೂರ್ ತುಂಬ ಡಾಕ್ಟರೇ ಕಣಮ್ಮೋ," ಎಂದು ಅಜ್ಜಿ ನಕ್ಕಳು. ಆದರೂ ಅಂದಿನಿಂದ ನನ್ನನ್ನು ಡಾಕ್ಟರಮ್ಮ ಎಂದೇ ಕರೆದಳು.

ಅವಳ ಸೊಸೆ ಮೊಮ್ಮಗಳನ್ನು ಹೊಸ್ತಿಲಿಗೆ ತಂದಳು. ಹೆಣ್ಣು ಕೂಸು, ಎರಡು ವರ್ಷಕ್ಕೆ ಹತ್ತಿರ. ಮಣಿಕಟ್ಟುಗಳು ಒಳಗೆ ಬಳೆ ಹುದುಗಿಸಿಟ್ಟಂತೆ ದಪ್ಪವಾಗಿದ್ದವು. ಪಕ್ಕೆಲುಬುಗಳ ತುದಿಯಲ್ಲಿ ಬೆರಳಾಡಿಸಿದರೆ ಮಣಿಸರ ಮುಟ್ಟಿದ ಹಾಗೆ. ಕಂಕುಳಲ್ಲಿ ಕೈಕೊಟ್ಟು ನಿಲ್ಲಿಸಿದಾಗ ಮೊಣಕಾಲುಗಳು ಹೊರಕ್ಕೆ ಬಾಗಿ, ಅದು ಅಳುತ್ತ ಪಾದ ಮೇಲೆತ್ತಿಕೊಂಡಿತು. ಆಗ ಸೊಸೆ ಕೇಳಿದಳು: "ನಿಂತ್ಕೊಳ್ತಾಳಾ ಅಕ್ಕ?"

ಆ ಪ್ರಶ್ನೆಗೆ ಉತ್ತರ ನನಗೆ ಗೊತ್ತಿದೆಯೆಂದೇ ನಾನು ಅಂದು ಭಾವಿಸಿದ್ದೆ.

ರಿಕೆಟ್ಸಿಗೆ ಆ ಕಾಲದಲ್ಲಿ ಎಲ್ಲರೂ ಕೊಡುತ್ತಿದ್ದುದು ಕಾಡ್ ಮೀನಿನ ಎಣ್ಣೆ. ನಾರ್ವೆ ೧೯೪೦ರಲ್ಲಿ ಜರ್ಮನ್ನರ ವಶವಾದ ಮೇಲೆ ಅದು ನಮ್ಮ ಕಡೆಗೆ ಬರುವುದು ಹೆಚ್ಚುಕಡಿಮೆ ನಿಂತೇಹೋಯಿತು. ಬದಲಿಗೆ ನಮ್ಮ ಪಶ್ಚಿಮ ಕರಾವಳಿಯಲ್ಲೇ ಶಾರ್ಕ್ ಮೀನಿನ ಎಣ್ಣೆ ತೆಗೆಯತೊಡಗಿದ್ದರು. ಅದನ್ನು ನಮ್ಮ ಪ್ರಯೋಗಾಲಯದಲ್ಲಿ ಪರೀಕ್ಷಿಸಿದಾಗ ಜೀವಸತ್ವ ಪತ್ತೆಮಾಡುವ ಆ್ಯಂಟಿಮನಿ ದ್ರಾವಣದೊಂದಿಗೆ ಗಾಢ ನೀಲಿ ಬಣ್ಣ ತಾಳಿತು. ವಿದೇಶದ ಎಣ್ಣೆಗಿಂತ ಎಷ್ಟೋ ಗಾಢ. ದೇಶದಲ್ಲೇ ಇಂಥ ಎಣ್ಣೆ ಸಿಕ್ಕಿತೆಂದು ನಾವೆಲ್ಲ ಹಿಗ್ಗಿದೆವು. ಹಳ್ಳಿಯ ಕೆಲವು ಮನೆಗಳ ಕೂಸುಗಳಿಗೆ ಈ ಎಣ್ಣೆ, ಇನ್ನು ಕೆಲವು ಮನೆಗಳಲ್ಲಿ ಹೋಲಿಕೆಗಾಗಿ ಅಷ್ಟೇ ಪ್ರಮಾಣದ ಕಡಲೆಕಾಯಿ ಎಣ್ಣೆ ಎಂದು ಮುಖ್ಯಸ್ಥರು ಯೋಜನೆ ಹಾಕಿಕೊಟ್ಟರು. ಅಜ್ಜಿಯ ಮೊಮ್ಮಗಳು ಮೀನೆಣ್ಣೆಯ ಗುಂಪಿಗೆ ಸೇರಿದಳು. ಒಂದು ಬೆಳೆ ಮುಗಿದು ಮತ್ತೊಂದು ಶುರುವಾಗುವ ನಡುವೆ ಸಿಕ್ಕ ಬಿಡುವಿನಲ್ಲಿ ಕೂಸುಗಳನ್ನು ಕೋಲಾರದ ಆಸ್ಪತ್ರೆಗೆ ಒಯ್ದು ಮಣಿಕಟ್ಟಿನ ಎಕ್ಸ್-ರೇ ತೆಗೆಸಿದೆವು. ಮೂಳೆಯ ತುದಿಗಳು ಹರಿದ ಬಟ್ಟೆಯ ಅಂಚಿನಂತೆ ಎಳೆಎಳೆಯಾಗಿ ಕಂಡವು. ಸಂಶಯಕ್ಕೆ ಎಡೆಯಿರಲಿಲ್ಲ.

ಮೊದಲ ತೊಡಕು ಎಣ್ಣೆಯ ವಾಸನೆಯಿಂದ ಬಂದಿತು. ಹುಳಕ್ಕೆ ಕಟುವಾಸನೆ ಆಗದೆಂದು ಆ ಮನೆಗಳಲ್ಲಿ ಬೆಳೆ ಬಲಿಯುವ ದಿನಗಳಲ್ಲಿ ಒಗ್ಗರಣೆಯನ್ನೂ ಹಾಕುತ್ತಿರಲಿಲ್ಲ. ಮೀನೆಣ್ಣೆಯ ಬಾಟಲಿಯ ಮುಚ್ಚಳ ತೆಗೆದೊಡನೆ ಅಜ್ಜಿ ಸೆರಗಿನಿಂದ ಮೂಗು ಮುಚ್ಚಿಕೊಂಡಳು.

"ಥೂ, ಇದನ್ನ ಒಳಕ್ಕೆ ತಂದ್ರೆ ನನ್ ಹುಳ ಸೊಪ್ಪು ಮುಟ್ಟಾಕಿಲ್ಲ. ಮರಕ್ಕೆ ಕಟ್ಟು ಹೋಗು."

ಹಾಗೆ ಬಾಟಲಿ ಹಿತ್ತಲ ಹುಣಸೆ ಮರದ ಕೊಂಬೆಗೆ ಏರಿತು. ಸೊಸೆ ದಿನಕ್ಕೊಮ್ಮೆ ಕೂಸನ್ನು ಸೆರಗಿನಲ್ಲಿ ಸುತ್ತಿಕೊಂಡು ಮರದಡಿಗೆ ಓಡಿ, ಚಮಚ ಬಾಯಿಗಿಟ್ಟು, ಕೈ ಬಾಯಿ ತೊಳೆಸಿ ಒಳಗೆ ಓಡುತ್ತಿದ್ದಳು. ಉಳಿದ ಮನೆಗಳಲ್ಲೂ ಇದೇ ಕ್ರಮವಾಯಿತು.

ದೀಪಾವಳಿ ಕಳೆದರೂ ಕೂಸುಗಳಲ್ಲಿ ಬದಲಾವಣೆ ಕಾಣಲಿಲ್ಲ. ಮುಖ್ಯಸ್ಥರಿಗೆ ಮರಕ್ಕೆ ಕಟ್ಟಿದ ಬಾಟಲಿಯ ಸಂಗತಿ ತಿಳಿದಾಗ, "ಮರದ ಬುಡಕ್ಕೆ ಸುರಿಯುತ್ತಿದ್ದಾರೆ. ಬೇರೆ ಕಾರಣ ಹುಡುಕಬೇಡಿ," ಎಂದರು. ನನಗೂ ಅದು ಅಸಂಭವವೆನಿಸಲಿಲ್ಲ. ಅಂದಿನಿಂದ ನರ್ಸಮ್ಮನೇ ಮನೆಮನೆಗೆ ಹೋಗಿ, ತಮ್ಮ ಕೈಯಿಂದಲೇ ಎಣ್ಣೆ ಕುಡಿಸಿ, ನುಂಗಿದ್ದನ್ನು ನೋಡಿಯೇ ಮುಂದಕ್ಕೆ ನಡೆಯಬೇಕೆಂದು ಏರ್ಪಾಡು ಮಾಡಿದೆವು. ಏಕೆಂದು ಅಜ್ಜಿಗೆ ಯಾರೂ ಹೇಳಿರಲಿಲ್ಲ. ಅವಳು ತಾನಾಗಿ ಊಹಿಸಿದಳು. ಮುಂದಿನ ಸಲ ನಾನು ಹೋದಾಗ ಗೋಣಿಯ ಹಿಂದಿನಿಂದಲೇ ಕೇಳಿದಳು:

"ಚೆಲ್ತೀನಿ ಅಂದ್ಕೊಂಡ್ಯಾ ಡಾಕ್ಟರಮ್ಮ? ಮೊಮ್ಮಗಳ ಮದ್ದು ಚೆಲ್ಲೋ ಅಂಥೋಳಾ ನಾನು?"

ನರ್ಸಮ್ಮ ಮಾತು ತಿರುಗಿಸಿದರು: "ಬಿಡವ್ವ, ನಂಗೆ ನಿನ್ ಮುಖ ನೋಡ್ದೆ ಇದ್ರೆ ದಿನ ಕಳೆಯಲ್ಲ. ಅದಕ್ಕೇ ಬತ್ತೀನಿ."

"ನೋಡು ನೋಡು. ಈ ಮುಖ ನೋಡಾಕೆ ಸರ್ಕಾರ ಸಂಬ್ಳ ಕೊಡ್ತದಲ್ಲ, ಅದೂ ದೊಡ್ದು!"

ನರ್ಸಮ್ಮ ಒಂದು ದಿನವೂ ತಪ್ಪಿಸಲಿಲ್ಲ. ಧನುರ್ಮಾಸದ ಚಳಿಯಲ್ಲಿ ಎಣ್ಣೆ ಗಟ್ಟಿಯಾದರೆ ಬಾಟಲಿಯನ್ನು ಕಂಕುಳಲ್ಲಿಟ್ಟುಕೊಂಡು ಕರಗಿಸಿ ಕುಡಿಸಿದರಂತೆ. ಆದರೂ ಸಂಕ್ರಾಂತಿಗೆ ಮುಂಚೆ ತೆಗೆಸಿದ ಎರಡನೆಯ ಎಕ್ಸ್-ರೇ ಮೊದಲನೆಯದರ ಹಾಗೆಯೇ ಇತ್ತು. ಅಜ್ಜಿಯ ಮೊಮ್ಮಗಳದ್ದಂತೂ ಇನ್ನಷ್ಟು ಹದಗೆಟ್ಟಿತ್ತು. ಕಡಲೆಕಾಯಿ ಎಣ್ಣೆಯ ಕೂಸುಗಳಿಗೂ ಮೀನೆಣ್ಣೆಯ ಕೂಸುಗಳಿಗೂ ಭೇದವೇ ಇರಲಿಲ್ಲ.

ಅದೇ ವಾರ ಆ ಕೂಸಿಗೆ ಸೆಳವು ಬಂದಿತು. ಕೈಬೆರಳುಗಳು ಒಂದಕ್ಕೊಂದು ಒತ್ತಿಕೊಂಡು, ಕಣ್ಣು ಮೇಲಕ್ಕೆ ಸಿಕ್ಕಿ, ಉಸಿರಿನಲ್ಲಿ ಕೀಚಲು ಸದ್ದು. ಮನೆಯವರು ಬಾಲಗ್ರಹವೆಂದು ಹೆದರಿದರು. ನರ್ಸಮ್ಮ ಕೂಸನ್ನೂ ತಾಯಿಯನ್ನೂ ಗಾಡಿಗೆ ಹತ್ತಿಸಿ, ಸಣ್ಣ ರೈಲು ಹಿಡಿದು ಕೋಲಾರಕ್ಕೆ ಒಯ್ದರು. ಆಸ್ಪತ್ರೆಯ ವೈದ್ಯರು ಕ್ಯಾಲ್ಸಿಯಂ ಸೂಜಿಮದ್ದನ್ನು ನಿಧಾನವಾಗಿ ರಕ್ತನಾಳಕ್ಕೆ ಕೊಟ್ಟ ಮೇಲೆ ಬೆರಳುಗಳು ಬಿಡಿಸಿಕೊಂಡವು. ನಾನು ಬೆಂಗಳೂರಿನಿಂದ ಬಂದು ಸೇರಿದಾಗ ವೈದ್ಯರು ಸ್ಪಷ್ಟವಾಗಿ ಹೇಳಿದರು: ರಿಕೆಟ್ಸಿನಿಂದ ರಕ್ತದಲ್ಲಿ ಸುಣ್ಣದ ಅಂಶ ಇಳಿದುಹೋಗಿದೆ, ಸೂಜಿ ಸದ್ಯಕ್ಕೆ ತಡೆಯುತ್ತದೆ, ಮೂಲ ರೋಗ ವಾಸಿಯಾಗದಿದ್ದರೆ ಸೆಳವು ಮರಳಬಹುದು, ಮರಳಿದಾಗ ಕೂಸು ಕೋಲಾರದವರೆಗೆ ತಲುಪುತ್ತದೆಂಬ ಭರವಸೆಯಿಲ್ಲ. ದಿನವೂ ಹಾಲಿನಲ್ಲಿ ಕಲಸಿ ಕೊಡಲು ಸುಣ್ಣದ ಉಪ್ಪಿನ ಪುಡಿಯನ್ನೂ ಕೊಟ್ಟರು. ಡಿ ಜೀವಸತ್ವದ ಶುದ್ಧ ಔಷಧವನ್ನು ಕೇಳಿದೆ. ಯುದ್ಧ ಶುರುವಾದ ಮೇಲೆ ತಾವು ಅದನ್ನು ಕಂಡಿಲ್ಲವೆಂದರು.

ಆಸ್ಪತ್ರೆಯ ಜಗಲಿಯಲ್ಲಿ ಸೊಸೆ ಕೂಸನ್ನು ತೊಡೆಯ ಮೇಲೆ ಹಾಕಿಕೊಂಡು ಕುಳಿತಿದ್ದಳು. ಕತ್ತಲಾಗುತ್ತಿತ್ತು. ನನ್ನನ್ನು ದೂರದಿಂದಲೇ ಗುರುತಿಸಿ ಎದ್ದಳು.

"ಇಷ್ಟು ಮಬ್ಬಲ್ಲೂ ಗುರುತು ಸಿಕ್ಕಿತೇ?" ಎಂದೆ.

"ಈಗ ಕಾಣ್ತದೆ ಅಕ್ಕ. ಮೊದ್ಲು ಸಂಜೆ ಆದ್ರೆ ತಟ್ಟೆ ಯಾವ್ದು ಹುಳ ಯಾವ್ದು ಒಂದೂ ಕಾಣ್ತಿರ್ಲಿಲ್ಲ. ನರ್ಸಮ್ಮ ನಂಗೂ ಒಂದ್ ಚಮಚ ಎಣ್ಣೆ ಹಾಕ್ತಿದ್ರು. ಈಗ ದೀಪ ಇಲ್ದೆ ಸೊಪ್ಪು ಹಾಕ್ತೀನಿ."

ಅವಳಿಗಿದ್ದದ್ದು ಇರುಳುಗಣ್ಣು. ಅದು ಎ ಜೀವಸತ್ವದ ಕೊರತೆಯಿಂದ ಬರುತ್ತದೆ. ಅದು ವಾಸಿಯಾಗಿತ್ತೆಂದರೆ ಎಣ್ಣೆ ಹೊಟ್ಟೆಗೆ ಸೇರಿತ್ತು, ಅದರಲ್ಲಿ ಎ ಜೀವಸತ್ವ ಯಥೇಚ್ಛವಾಗಿತ್ತು. ನೀಲಿ ಬಣ್ಣ ಸುಳ್ಳು ಹೇಳಿರಲಿಲ್ಲ. ಆದರೆ ಆ ನೀಲಿ ಎ ಜೀವಸತ್ವದ್ದು ಮಾತ್ರ. ಕಾಡ್ ಮೀನಿನಲ್ಲಿ ಎ ಇದ್ದೆಡೆ ಡಿ ಕೂಡ ಇರುತ್ತಿದ್ದುದರಿಂದ, ಶಾರ್ಕ್ ಮೀನಿನಲ್ಲೂ ಹಾಗೆಯೇ ಎಂದು ಎಣ್ಣೆ ತೆಗೆದವರೂ ಕೊಂಡವರೂ ಪರೀಕ್ಷಿಸಿದವರೂ ಸಮನಾಗಿ ಎಣಿಸಿಕೊಂಡಿದ್ದರು. ಡಿ ಜೀವಸತ್ವವನ್ನು ಬೇರೆಯಾಗಿ ಯಾರೂ ಅಳೆದಿರಲಿಲ್ಲ.

ಮರುದಿನ ಬೆಂಗಳೂರಿಗೆ ಹಿಂತಿರುಗಿ ಮುಖ್ಯಸ್ಥರ ಮುಂದೆ ಇದನ್ನಿಟ್ಟೆ. ಅವರು ಇಲಿಗಳ ಮೇಲೆ ಪರೀಕ್ಷೆ ಆರಂಭಿಸಲು ಆಜ್ಞೆ ಮಾಡಿದರು. ಎಳೆಯ ಇಲಿಗಳಿಗೆ ರಿಕೆಟ್ಸ್ ಬರಿಸುವ ಆಹಾರವನ್ನು ವಾರಗಟ್ಟಲೆ ಕೊಟ್ಟು, ಬಳಿಕ ಕೆಲವಕ್ಕೆ ನಮ್ಮ ಎಣ್ಣೆಯನ್ನೂ ಕೆಲವಕ್ಕೆ ನಮ್ಮಲ್ಲಿ ಇಲಿಗಳಿಗಷ್ಟೇ ಸಾಲುವಂತೆ ಉಳಿದಿದ್ದ, ಪ್ರಮಾಣ ಗೊತ್ತಾದ ಡಿ ಜೀವಸತ್ವವನ್ನೂ ಕುಡಿಸಿ, ಕಾಲಿನ ಮೂಳೆಯನ್ನು ಸೀಳಿ ಬೆಳ್ಳಿಯ ದ್ರಾವಣದಲ್ಲಿ ಅದ್ದಿ ಬೆಳಕಿಗೆ ಹಿಡಿಯಬೇಕು. ಹೊಸದಾಗಿ ಸುಣ್ಣ ಕೂಡಿದ್ದರೆ ಮೂಳೆಯ ತುದಿಯಲ್ಲಿ ಕಪ್ಪು ಗೆರೆಯೊಂದು ಮೂಡುತ್ತದೆ. ಗೆರೆಯಿಲ್ಲದಿದ್ದರೆ ಎಣ್ಣೆಯಲ್ಲಿ ಡಿ ಇಲ್ಲ.

"ಇಲಿಗಳ ಉತ್ತರ ಬರುವವರೆಗೆ ಹಳ್ಳಿಯಲ್ಲಿ ಏನನ್ನೂ ಬದಲಾಯಿಸಬೇಡಿ," ಎಂದರು. "ನಡುವೆ ಕೈಹಾಕಿದರೆ ಇಷ್ಟು ತಿಂಗಳ ಕೆಲಸದಿಂದ ಏನನ್ನೂ ಸಾಧಿಸಿ ತೋರಿಸಲಾಗದು."

"ಕೂಸುಗಳು ಅಲ್ಲಿಯವರೆಗೆ ಕಾಯಲಾರವು, ಸಾರ್. ಎಲ್ಲ ಕೂಸುಗಳನ್ನೂ ಬಿಸಿಲಿಗೆ ತರುತ್ತೇನೆ. ಕಡಲೆಕಾಯಿ ಎಣ್ಣೆಯವರನ್ನೂ."

"ಹೋಲಿಕೆಗೇ ಯಾರೂ ಉಳಿಯುವುದಿಲ್ಲ."

"ಉಳಿಯುವುದಿಲ್ಲ," ಎಂದು ಒಪ್ಪಿಕೊಂಡೆ.

ಅವರು ಕನ್ನಡಕ ತೆಗೆದು ಒರೆಸಿಕೊಂಡರು. ಬೇಡವೆನ್ನುವ ಅಧಿಕಾರ ಅವರಿಗಿತ್ತು. ಅದನ್ನು ಬಳಸದೆ, "ರೈಲಿಗೆ ಹೊತ್ತಾಗುತ್ತದೆ, ಹೊರಡಿ," ಎಂದಷ್ಟೇ ಹೇಳಿದರು. ಆ ಮಾತಿಗೆ ನಾನು ಇಂದಿಗೂ ಕೃತಜ್ಞಳು.

ಬಿಸಿಲಿಗೆ ತರುವುದು ಸುಲಭವೆಂದು ಎಣಿಸಿದ್ದೆ. ಕೋಲಾರದ ಸೀಮೆಯಲ್ಲಿ ಬಿಸಿಲನ್ನು ಕೊಂಡು ತರಬೇಕೆ?

ನಾನು ಹೋದಾಗ ಅಜ್ಜಿಯ ಮನೆಯಲ್ಲಿ ಹುಳ ಹಣ್ಣಾಗಿದ್ದವು. ಅಂದರೆ ಮೇವು ಬಿಟ್ಟು, ಮೈ ಹಳದಿಗೆ ತಿರುಗಿ, ಗೂಡು ಕಟ್ಟಲು ಸಿದ್ಧವಾಗಿದ್ದವು. ಅವುಗಳನ್ನು ಆರಿಸಿ ಚಂದ್ರಿಕೆಗೆ ಬಿಡುತ್ತಿದ್ದರು. ಬಿದಿರಿನ ಚಾಪೆಯ ಮೇಲೆ ಬಿದಿರಿನದೇ ಪಟ್ಟಿಯನ್ನು ಸುರುಳಿಯಾಗಿ ಸುತ್ತಿ ಕಟ್ಟಿದ ದೊಡ್ಡ ತಟ್ಟೆಯೇ ಚಂದ್ರಿಕೆ. ಆ ಸುರುಳಿಯ ಸಂದುಗಳಲ್ಲಿ ಹುಳ ಗೂಡು ಕಟ್ಟುತ್ತದೆ. ಆ ದಿನಗಳಲ್ಲಿ ಮಾತ್ರ ಗಾಳಿ ಬೆಳಕು ಬೇಕೆಂದು ಬೆಳಗಿನ ಎಳೆಬಿಸಿಲಿಗೆ ಚಂದ್ರಿಕೆಗಳನ್ನು ಅಂಗಳಕ್ಕೆ ತಂದು ಗೋಡೆಗೆ ಒರಗಿಸಿ, ಬಿಸಿಲು ಏರುತ್ತಲೇ ನೆರಳಿಗೆ ಎತ್ತಿಡುತ್ತಿದ್ದರು.

ಕೂಸನ್ನು ಬಿಸಿಲಲ್ಲಿ ಮಲಗಿಸಬೇಕೆಂದಾಗ ಅಜ್ಜಿ ಯೋಚಿಸಿ ಒಪ್ಪಿದಳು. "ಆಗ್ಲಿ. ಚಂದ್ರಿಕೆ ಜೊತೆ ಅದೂ ಬರ್ಲಿ, ಚಂದ್ರಿಕೆ ಜೊತೆ ಅದೂ ಒಳಕ್ಕೆ ಹೋಗ್ಲಿ."

ನಾನು ಅಂಗಳದಲ್ಲಿ ಒಂದು ಕೋಲು ನೆಟ್ಟು ನೋಡಿದೆ. ಆ ಹೊತ್ತಿಗೆ ಅದರ ನೆರಳು ಕೋಲಿಗಿಂತ ಎಷ್ಟೋ ಉದ್ದ. ಸೂರ್ಯ ಅಷ್ಟು ತಗ್ಗಿನಲ್ಲಿರುವಾಗ, ಚರ್ಮದಲ್ಲಿ ಡಿ ಜೀವಸತ್ವ ಹುಟ್ಟಿಸುವ ಕಿರಣಗಳನ್ನು ಆಕಾಶವೇ ಹೀರಿಕೊಂಡುಬಿಡುತ್ತದೆ. ನೆರಳು ಕೋಲಿಗಿಂತ ಮೋಟಾಗಬೇಕು. ಕೂಸಿನ ಮೈಗೆ ಬಟ್ಟೆ ಇರಬಾರದು. ನನ್ನ ಕೈಗಡಿಯಾರ ರೈಲಿನ ಹೊತ್ತು ಹೇಳುತ್ತಿತ್ತು, ಅಜ್ಜಿಯ ಲೆಕ್ಕ ಸೂರ್ಯನ ಹೊತ್ತು. ಗಡಿಯಾರವನ್ನು ಚೀಲಕ್ಕೆ ಹಾಕಿ ನೆರಳನ್ನೇ ತೋರಿಸಿದೆ. "ಚಂದ್ರಿಕೆ ಒಳಗೆ ಹೋದ ಮೇಲೆ ಕೂಸು ಹೊರಗೆ ಬರಬೇಕು ಅವ್ವ."

ಅಜ್ಜಿಗೆ ನನ್ನ ಬುದ್ಧಿಯ ಮೇಲೆಯೇ ಅನುಮಾನ ಬಂದಿತು. "ಹುಳ ತಡೀದೆ ಇರೋ ಬಿಸ್ಲಿಗೆ ಪಾಪನ್ನ ಹಾಕಾ ಅಂತೀಯಲ್ಲೇ ತಾಯಿ? ಹುಳಕ್ಕೆ ಆಗದ್ದು ಕೂಸಿಗೆ ಹೆಂಗಾಗ್ತದೆ? ನಾನು ಹುಳಾನೂ ಸಾಕಿವ್ನಿ, ಮಕ್ಳನ್ನೂ ಸಾಕಿವ್ನಿ."

ಆ ಊರಿನ ಕಾಯಿಲೆಯ ಮೂಲ ಆ ಮಾತಿನಲ್ಲಿತ್ತು. ಗಾಳಿ ಆಗದು, ಹೊಸಬರ ಕಣ್ಣು ಆಗದು, ವಾಸನೆ ಆಗದು, ಬಿಸಿಲು ಆಗದು: ಹುಳಕ್ಕೆ ಮಾಡುವ ಆರೈಕೆಯನ್ನೇ ಅವರು ಕೂಸಿಗೂ ಮಾಡುತ್ತಿದ್ದರು. ಅಲಕ್ಷ್ಯದಿಂದ ಅಲ್ಲ, ತಮಗೆ ತಿಳಿದ ಅತ್ಯಂತ ನಾಜೂಕಾದ ಆರೈಕೆ ಅದೇ ಆಗಿದ್ದರಿಂದ. ನಾನು ಸೂರ್ಯಕಿರಣ, ಚರ್ಮ, ಜೀವಸತ್ವ ಎಂದು ಹೇಳುತ್ತ ಹೋದೆ. ಅಜ್ಜಿ ಚಂದ್ರಿಕೆಯಿಂದ ಸತ್ತ ಹುಳ ಆರಿಸುತ್ತ ಹೋದಳು. ಕೊನೆಗೆ ನರ್ಸಮ್ಮ ಅವಳ ಪಕ್ಕದಲ್ಲಿ ಕುಕ್ಕರಗಾಲಿನಲ್ಲಿ ಕುಳಿತು, ತಾವೂ ಹುಳ ಆರಿಸುತ್ತ ಕೇಳಿದರು:

"ಅವ್ವ, ಹುಳಕ್ಕೆ ಮೂಳೆ ಐತಾ?"

"ಹುಳಕ್ಕೆಲ್ಲಿ ಮೂಳೆನೇ, ಹುಚ್ಚಿ!"

"ಅದಕ್ಕೇ ಅದಕ್ಕೆ ಬಿಸ್ಲು ಬೇಡ. ನಿನ್ ಮೊಮ್ಮಗಳಿಗೆ ಐತಲ್ಲ, ಮೂಳೆ?"

ಅಜ್ಜಿಯ ಕೈ ನಿಂತಿತು. ಅಂಗೈಯಲ್ಲಿದ್ದ ಹುಳವನ್ನು ಎರಡು ಬೆರಳಲ್ಲಿ ಹಿಡಿದು ಮೆಲ್ಲಗೆ ಒತ್ತಿ ನೋಡಿದಳು. ಹೊಸ್ತಿಲಲ್ಲಿ ಸೊಸೆಯ ತೊಡೆಯ ಮೇಲಿದ್ದ ಕೂಸಿನ ಕಾಲುಗಳನ್ನು ನೋಡಿದಳು. ಆಮೇಲೆ ನರ್ಸಮ್ಮನ ಕಡೆ ತಿರುಗಿ, "ಈ ಮಾತು ಮೊದ್ಲೇ ಆಡಾಕೇನಾಗಿತ್ತೇ ನಿಂಗೆ? ದಸರೆಯಿಂದ ಮೀನಿನ ನಾತ ಕುಡಿಸ್ದೆಯಲ್ಲ," ಎಂದಳು.

"ನಂಗೂ ಈಗ್ಲೇ ಹೊಳೀತು ಕಣವ್ವ, ಖುದಾ ಆಣೆ."

ಅಜ್ಜಿಯ ಷರತ್ತುಗಳಿದ್ದವು. ಕೂಸಿನ ತಲೆಗೆ ಬಿಳಿ ಬಟ್ಟೆಯ ನೆರಳಿರಬೇಕು. ತಾನು ಪಕ್ಕದಲ್ಲಿ ಕುಳಿತು ಅದರ ಮೈಮೇಲೆ ಕೈಯಿಟ್ಟಿರುವಳು. ಕೈಗೆ ಬಿಸಿ ಹತ್ತಿದರೆ ಆ ಕ್ಷಣವೇ ಒಳಗೆ. ನನಗೆ ಇದಕ್ಕಿಂತ ಒಳ್ಳೆಯ ಏರ್ಪಾಡು ಬೇಕಿರಲಿಲ್ಲ. ಬಿಸಿಲು ಕಾಣದೆ ಬೆಳೆದ ಚರ್ಮಕ್ಕೆ ಮೊದಲ ದಿನಗಳಲ್ಲಿ ಸ್ವಲ್ಪ ಹೊತ್ತು ಸಾಕು, ದಿನಕಳೆದಂತೆ ಹೆಚ್ಚಿಸಬಹುದು ಎಂದು ಆಸ್ಪತ್ರೆಯ ವೈದ್ಯರೂ ಹೇಳಿದ್ದರು. ಮೂಳೆ ಒಮ್ಮೆಲೇ ಸುಣ್ಣ ಎಳೆದುಕೊಳ್ಳತೊಡಗಿದರೆ ಸೆಳವು ಮರಳುವ ಅಪಾಯವಿದ್ದುದರಿಂದ ಸುಣ್ಣದ ಪುಡಿಯನ್ನು ತಪ್ಪಿಸಬಾರದೆಂದೂ ಎಚ್ಚರಿಸಿದ್ದರು.

ಸಂಕ್ರಾಂತಿ ಕಳೆದಿತ್ತು. ತೋಪುಗಳಲ್ಲಿ ಮಾವು ಹೂಬಿಟ್ಟಿತ್ತು. ಬೆಳಿಗ್ಗೆ ಚಂದ್ರಿಕೆಗಳು ಹೊರಗೆ ಬರುತ್ತಿದ್ದವು. ನೆರಳು ಕೋಲಿನಷ್ಟಾದಾಗ ಅವು ಒಳಗೆ ಹೋಗಿ ಅದೇ ಜಾಗದಲ್ಲಿ ಚಾಪೆ ಹಾಸಿ ಕೂಸನ್ನು ಮಲಗಿಸುತ್ತಿದ್ದರು. ಅಜ್ಜಿಯ ಮನೆಯಲ್ಲಿ ನಡೆದದ್ದು ಉಳಿದ ಮನೆಗಳಿಗೆ ತಾನಾಗಿ ಹರಡಿತು. ಬೇರೆ ಅಂಗಳಗಳಲ್ಲೂ ಕೋಲುಗಳು ಎದ್ದ ಮೇಲೆ ಅಜ್ಜಿ ಹೆಮ್ಮೆಯಿಂದ ಅವನ್ನು ನೋಡಿಕೊಂಡು ಬಂದು, "ಅವ್ರದ್ದು ಓರೆ ನೆಟ್ಟವ್ರೆ," ಎಂದು ದೂರಿದಳು. ಹೊಸ ಬೆಳೆ ಶುರುವಾದಾಗ ಮತ್ತೆ ಎಲ್ಲ ಕತ್ತಲಿಗೆ ಮರಳುವುದೆಂದು ಹೆದರಿದ್ದೆ. ಆದರೆ ಹುಳ ಒಳಗಿದ್ದರೂ ಕೂಸು ಹೊರಗೆ ಬರುವುದು ಅಷ್ಟರಲ್ಲಿ ಮನೆಯ ಕ್ರಮವಾಗಿಬಿಟ್ಟಿತ್ತು. ಸೊಸೆ ಸೊಪ್ಪು ಹಾಕಿ ಮುಗಿಸಿ, ಕೈ ತೊಳೆದು, ಕೂಸಿನೊಂದಿಗೆ ತಾನೂ ಬಂದು ಬಿಸಿಲಿಗೆ ಕೂರುವಳು. ಪ್ರತಿ ಸಲವೂ ಅದೇ ಪ್ರಶ್ನೆ: "ನಿಂತ್ಕೊಳ್ತಾಳಾ ಅಕ್ಕ?" ಮೊದಲಿನಂತೆ ಉತ್ತರ ಗೊತ್ತಿದೆಯೆಂಬ ಧೈರ್ಯ ನನಗೀಗ ಇರಲಿಲ್ಲ. "ನೋಡೋಣ," ಎನ್ನುತ್ತಿದ್ದೆ.

ಶಿವರಾತ್ರಿ ಕಳೆದ ಮೇಲೆ ಇಲಿಗಳ ಫಲಿತಾಂಶ ಬಂದಿತು. ಗೊತ್ತಾದ ಡಿ ಜೀವಸತ್ವ ಪಡೆದ ಇಲಿಗಳ ಮೂಳೆಯಲ್ಲಿ ಕಪ್ಪು ಗೆರೆ ಸ್ಪಷ್ಟವಾಗಿ ಮೂಡಿತ್ತು. ನಮ್ಮ ಎಣ್ಣೆ ಕುಡಿದವುಗಳ ಮೂಳೆಯನ್ನು ಯಾವ ಬೆಳಕಿಗೆ ಹಿಡಿದರೂ ಗೆರೆಯ ಸುಳಿವಿರಲಿಲ್ಲ. ಮುಖ್ಯಸ್ಥರು ಗಾಜಿನ ತಟ್ಟೆಯನ್ನು ನನ್ನ ಕಡೆ ಸರಿಸಿ, "ಹಳ್ಳಿಯವರ ಮೇಲೆ ನಾನು ಹೊರಿಸಿದ ಆರೋಪವನ್ನು ಹಿಂದಕ್ಕೆ ಪಡೆದೆನೆಂದು ಅವರಿಗೆ ತಿಳಿಸಿ," ಎಂದರು. ಎಣ್ಣೆ ತೆಗೆಯುವವರಿಗೆ ಡಿ ಜೀವಸತ್ವವನ್ನು ಬೇರೆಯಾಗಿ ಅಳೆದು ನಮೂದಿಸಬೇಕೆಂದು ಅಂದೇ ಬರೆದರು. ಹಳ್ಳಿಯ ಪ್ರಯೋಗದ ಬಗ್ಗೆ ಪ್ರಬಂಧ ಬರೆಯುವ ಮಾತನ್ನು ಅವರೂ ಎತ್ತಲಿಲ್ಲ, ನಾನೂ ಎತ್ತಲಿಲ್ಲ. ಹೋಲಿಕೆ ಮುರಿದುಹೋಗಿತ್ತು, ವಿಜ್ಞಾನದ ದೃಷ್ಟಿಯಿಂದ ಅದು ಏನನ್ನೂ ಸಾಧಿಸಲಾರದು. ಆ ನಿಲುವು ಸರಿಯೆಂದು ನಾನು ಈಗಲೂ ಒಪ್ಪುತ್ತೇನೆ.

ಯುಗಾದಿಗೆ ಮುಂಚೆ ಮೂರನೆಯ ಎಕ್ಸ್-ರೇ ತೆಗೆಸಿದೆವು. ಕೋಲಾರದ ವೈದ್ಯರು ಫಿಲ್ಮನ್ನು ಕಿಟಕಿಗೆ ಹಿಡಿದು ನೋಡಿ ನನ್ನ ಕೈಗೆ ಕೊಟ್ಟರು. ಹರಿದ ಬಟ್ಟೆಯಂಚಿನಂತಿದ್ದ ಮೂಳೆಯ ತುದಿಗೆ ಅಡ್ಡಲಾಗಿ ಒಂದು ಬಿಳಿ ಗೆರೆ ಕೂತಿತ್ತು. ಇಲಿಯ ಮೂಳೆಯಲ್ಲಿ ಕಾಣದ ಗೆರೆ ಕೂಸಿನ ಮಣಿಕಟ್ಟಿನಲ್ಲಿ ಬಂದಿತ್ತು. ವೈದ್ಯರ ಅನುಮತಿ ಪಡೆದು ಅದನ್ನು ಹಳ್ಳಿಗೆ ಒಯ್ದೆ.

ಅಜ್ಜಿ ಅದನ್ನು ಇಸಿದುಕೊಂಡು, ನಾನು ಹೇಳಿಕೊಡುವ ಮೊದಲೇ, ಸೂರ್ಯನ ಕಡೆಗೆ ಎತ್ತಿ ಹಿಡಿದಳು. ಗೂಡಿನೊಳಗೆ ಹುಳ ಬಲಿತಿದೆಯೇ ಎಂದು ಅವರು ನೋಡುವುದು ಹಾಗೆಯೇ, ಬೆಳಕಿಗೆ ಹಿಡಿದು.

"ಇದು ಅವಳ ಕೈಯಾ?"

"ಹೌದವ್ವ. ಈ ಬಿಳಿ ಗೆರೆ ಹೊಸದು. ಮೂಳೆ ಕೂಡಿಕೊಳ್ತಿದೆ."

"ಬಲೀತಾ ಐತೆ," ಎಂದು ಅಜ್ಜಿ ತನ್ನ ಮಾತಿನಲ್ಲಿ ಹೇಳಿಕೊಂಡಳು. ಸೊಸೆಗೂ ತೋರಿಸಿದಳು. ಮುಖ್ಯಸ್ಥರ ಮಾತನ್ನು ನಾನು ತಲುಪಿಸಿದಾಗ ಅವಳು ಫಿಲ್ಮಿನಿಂದ ಕಣ್ಣು ತೆಗೆಯದೆ, "ಅವ್ರಿಗೂ ಹೇಳು, ದಿನಾ ಒಸಿ ಬಿಸ್ಲಲ್ಲಿ ಕೂತ್ಕೊಳ್ಲಿ ಅಂತ. ಬೆಂಗ್ಳೂರಲ್ಲಿ ಬಿಸ್ಲು ಬತ್ತದೋ ಇಲ್ವೋ," ಎಂದಳು. ನರ್ಸಮ್ಮ ಸೆರಗಿನಲ್ಲಿ ಮುಖ ಮುಚ್ಚಿಕೊಂಡು ನಕ್ಕರು.

ನಾವು ಮೂವರೂ ಫಿಲ್ಮಿನಲ್ಲಿ ಮುಳುಗಿದ್ದಾಗ ಕೂಸು ಚಾಪೆ ಬಿಟ್ಟು ತೆವಳಿ ಹೋಗಿತ್ತು. ಸೊಸೆ ಮಾತ್ರ ಅದನ್ನು ಗಮನಿಸಿದ್ದಳು, ಆದರೆ ಕೂಗಲಿಲ್ಲ. ನನ್ನ ತೋಳನ್ನು ಹಿಡಿದು ಒತ್ತಿದಳು. ಕೂಸು ಅಂಗಳದ ನಡುವಿನ ಕೋಲನ್ನು ಎರಡು ಕೈಯಿಂದಲೂ ಹಿಡಿದುಕೊಂಡಿತ್ತು. ಮೊದಲು ಮೊಣಕಾಲಿನ ಮೇಲೆ ಎದ್ದಿತು. ಹೊಟ್ಟೆಯನ್ನು ಕೋಲಿಗೆ ಒತ್ತಿಕೊಂಡು, ಒಂದು ಪಾದ ಊರಿ, ಮತ್ತೊಂದನ್ನು ಊರಿತು. ಕಾಲುಗಳು ಇನ್ನೂ ಬಾಗಿದ್ದವು. ಅವು ನೆಟ್ಟಗಾಗಲು ಆ ವರ್ಷವೆಲ್ಲ ಹಿಡಿಯಿತೆಂದು ನರ್ಸಮ್ಮ ನನಗೆ ಆಮೇಲೆ ತಿಳಿಸಿದರು. ಆದರೆ ಅವು ಮಡಚಿಕೊಳ್ಳಲಿಲ್ಲ. ಕೋಲು ಅಲುಗಾಡಿತು, ಕೂಸೂ ಅಲುಗಾಡಿತು, ಎರಡೂ ಬೀಳಲಿಲ್ಲ.

ಸೊಸೆ ಆ ದಿನ ನನ್ನನ್ನು ಏನೂ ಕೇಳಲಿಲ್ಲ.

ಅಜ್ಜಿಯೇ ಮೊದಲು ಬಾಯಿಬಿಟ್ಟಳು. "ಅಯ್ಯೋ, ಡಾಕ್ಟರಮ್ಮ! ನಿನ್ ಕೋಲು ಕಿತ್ತಾಕ್ತಾಳೆ ನೋಡೇ! ನಾಳಿಂದ ಹೊತ್ತು ಹೆಂಗೆ ನೋಡಾದು?"

ನಾನು ನೆಲದ ಕಡೆ ನೋಡಿದೆ. ಅಳೆಯಲು ಕೋಲಿನ ನೆರಳು ಕಾಣಲಿಲ್ಲ. ಅದರ ಜಾಗದಲ್ಲಿ ಎರಡು ಪುಟ್ಟ ಕಾಲುಗಳ ನೆರಳು ನಿಂತಿತ್ತು, ಮೋಟಾಗಿ, ಕಪ್ಪಾಗಿ, ತನ್ನಷ್ಟಕ್ಕೆ ತಾನು.